ಅಣುವಿನ ಅರ್ಧ ಅಗಲ, ಕೋಟಿ ಲೀಟರ್ ನೀರು

ನಾರಾಯಣಪುರ ಎಡದಂಡೆ ಕಾಲುವೆ ತುಂಬಿ ಹರಿದರೆ ಸೆಕೆಂಡಿಗೆ 10,000 ಘನ ಅಡಿ, ಅಂದರೆ 10,000 ಕ್ಯುಸೆಕ್ಸ್ ನೀರು. ಲೀಟರ್ ಲೆಕ್ಕದಲ್ಲಿ ಸೆಕೆಂಡಿಗೆ 2 ಲಕ್ಷ 83 ಸಾವಿರ. ಒಂದು ಹಗಲು, ಒಂದು ರಾತ್ರಿ ಅದೇ ರಭಸದಲ್ಲಿ ಹರಿದರೆ 2,446 ಕೋಟಿ ಲೀಟರ್. ಟಿಎಂಸಿ ಲೆಕ್ಕದಲ್ಲಿ 0.86. ಇಂಥ ಹರಿವನ್ನು ಅಳೆದು ಹಂಚುವ ಕೆಲಸವನ್ನು ಇಂದು ಸ್ವಯಂಚಾಲಿತ ಗೇಟುಗಳಿಗೆ ಒಪ್ಪಿಸಲಾಗುತ್ತಿದೆ. ನೀರಿನ ಮಟ್ಟವನ್ನು ಶಬ್ದದಿಂದ ಅಳೆಯುವ ಒಂದು ಸೆನ್ಸರ್‌ನ ಒಳಗೆ ಇಣುಕಿದರೆ ಮೊದಲು ಸಿಗುವುದು ಎಷ್ಟು ಸಣ್ಣ ವಿದ್ಯುತ್ತು ಗೊತ್ತೇ? ಕೆಲವೊಮ್ಮೆ ಒಂದು ವೋಲ್ಟನ್ನು ಹತ್ತು ಸಾವಿರ ಪಾಲು ಮಾಡಿದರೆ ಸಿಗುವ ಒಂದು ಪಾಲಿಗಿಂತಲೂ ಕಡಿಮೆ. ಆ ಚೂರು ವೋಲ್ಟಿನಿಂದ ಈ ಕೋಟಿ ಲೀಟರ್‌ಗಳವರೆಗೆ ಇರುವ ದಾರಿಯಲ್ಲಿ ಸಿಗುವ ಒಂದೊಂದು ಅಂಕಿಯೂ ನನ್ನನ್ನು ಬೆರಗುಗೊಳಿಸಿದೆ. ಆ ದಾರಿಯ ನಡುವೆ ಕೂತಿರುವುದು ಕೆಲವೇ ರೂಪಾಯಿ ಬೆಲೆಯ ಒಂದು ಆಂಪ್ಲಿಫೈಯರ್ ಸರ್ಕ್ಯೂಟ್.

ವಿಜಯಪುರ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ಈ ಎಡದಂಡೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆಗೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರು ಈ ನೀರಿನ ಪಾಲುದಾರರು. ಇದೇ ಎಡದಂಡೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಸಿಂದಗಿಯ ತೊಗರಿ, ಜೋಳದ ಎರೆಹೊಲಗಳನ್ನು ದಾಟಿ ನಿಂಬೆಗೆ ಹೆಸರಾದ ಇಂಡಿಯ ಕಡೆಗೆ ಹೋಗುತ್ತದೆ. ಅತ್ತ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಿಂದ ಹೊರಟ ಕಾಲುವೆ ಮತ್ತು ಏತ ನೀರಾವರಿಗಳು ಬಾಗೇವಾಡಿ, ಮುದ್ದೇಬಿಹಾಳದ ಒಣಭೂಮಿಗೆ ಬರುತ್ತವೆ. ವಾರಾಬಂದಿ ಯಾವಾಗ, ಚಾಲು ಎಷ್ಟು ದಿನ, ಬಂದ್ ಎಷ್ಟು ದಿನ ಎಂಬುದು ಇಲ್ಲಿ ಮದುವೆ ಮುಹೂರ್ತದಷ್ಟೇ ಮುಖ್ಯವಾದ ಮಾತು. ಇಂಡಿಯ ಕೊನೆಯಂಚಿನ ರೈತನಿಗೆ ನೀರು ಮುಟ್ಟುತ್ತದೋ ಇಲ್ಲವೋ ಎಂಬುದನ್ನು ಮೇಲಿನ ಒಂದೊಂದು ಗೇಟಿನಲ್ಲಿ ಎಷ್ಟು ನೀರು ಇಳಿಯಿತು ಎಂಬ ಲೆಕ್ಕ ತೀರ್ಮಾನಿಸುತ್ತದೆ. ಆ ಲೆಕ್ಕ ಸರಿಯಾಗಬೇಕಾದರೆ ನೀರಿನ ಮಟ್ಟ ಸರಿಯಾಗಿ ತಿಳಿಯಬೇಕು.

ಮೊದಲು ಈ ಕೆಲಸವನ್ನು ಬಣ್ಣ ಬಳಿದ ಗೇಜ್ ಪಟ್ಟಿ ಮತ್ತು ಅದನ್ನು ಓದುವ ಮನುಷ್ಯನ ಕಣ್ಣು ಮಾಡುತ್ತಿದ್ದವು. ಈಗ ನೀರಿನ ಮೇಲೆ ತೂಗುಬಿಟ್ಟ ಸೆನ್ಸರ್ ಮಾಡುತ್ತದೆ. ಅದು ಕೆಳಗೆ ಒಂದು ಶಬ್ದ ಕಳಿಸಿ, ಪ್ರತಿಧ್ವನಿ ಬರುವವರೆಗಿನ ಸಮಯವನ್ನು ಎಣಿಸುತ್ತದೆ. ಹೆಚ್ಚು ಬಳಕೆಯ ಚಿಕ್ಕ ಸೆನ್ಸರ್‌ಗಳನ್ನೇ ತೆಗೆದುಕೊಳ್ಳೋಣ. ಅವುಗಳ ಶಬ್ದ ಸೆಕೆಂಡಿಗೆ 40,000 ಸಲ ಕಂಪಿಸುತ್ತದೆ. ಮನುಷ್ಯನ ಕಿವಿಯ ಮಿತಿ 20,000 ಆಗಿರುವುದರಿಂದ ನಮಗೆ ಕೇಳದು. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ 8.65 ಮಿಲಿಮೀಟರ್. ಒಂದು ಸಲ ಎಂಟು ಅಲೆ ಕಳಿಸಿದರೆ ಕೂಗು ಮುಗಿಯುತ್ತದೆ. ಹಿಡಿಯುವ ಸಮಯ ಸೆಕೆಂಡಿನ ಐದು ಸಾವಿರದ ಒಂದು ಭಾಗ. ನೀರು 2 ಮೀಟರ್ ಕೆಳಗಿದ್ದರೆ ಪ್ರತಿಧ್ವನಿ 11.6 ಮಿಲಿಸೆಕೆಂಡಿನಲ್ಲಿ ಮರಳುತ್ತದೆ. ನೀರು ಒಂದು ಮಿಲಿಮೀಟರ್ ಏರಿದರೆ ಸಮಯದಲ್ಲಿ ಆಗುವ ವ್ಯತ್ಯಾಸ 5.8 ಮೈಕ್ರೋಸೆಕೆಂಡ್.

ಈ ಕೆಲಸಕ್ಕೆ ನೀರಿನಷ್ಟು ಒಳ್ಳೆಯ ಗುರಿ ಇನ್ನೊಂದಿಲ್ಲ. ಶಬ್ದದ ಚಲನೆಗೆ ನೀರು ಒಡ್ಡುವ ಪ್ರತಿರೋಧ ಗಾಳಿಯದಕ್ಕಿಂತ ಸುಮಾರು 3,600 ಪಟ್ಟು ಹೆಚ್ಚು. ಅದರಿಂದಾಗಿ ಗಾಳಿಯಿಂದ ಬಂದು ಬಡಿದ ಶಬ್ದಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ನೀರೊಳಗೆ ಇಳಿಯುತ್ತದೆ, ಉಳಿದ 999 ಪಾಲು ಹಿಂದಕ್ಕೆ ಪುಟಿಯುತ್ತದೆ. ಕೃಷ್ಣೆಯ ನೀರು ಎಷ್ಟೇ ಕೆಂಪಗೆ ರಾಡಿಯಾಗಿದ್ದರೂ ಶಬ್ದಕ್ಕೆ ಅದು ತೊಳೆದಿಟ್ಟ ಕನ್ನಡಿ.

ಹಾಗಿದ್ದರೆ ಕಷ್ಟ ಎಲ್ಲಿ? ಹೋಗಿ ಬರುವ ದಾರಿಯಲ್ಲಿ. ಮಾರುಕಟ್ಟೆಯ ಸಾಮಾನ್ಯ ಸೆನ್ಸರ್‌ನ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿ ನೋಡಿದೆ. 10 ವೋಲ್ಟ್ ಕೊಟ್ಟರೆ ಅದು 30 ಸೆಂಟಿಮೀಟರ್ ದೂರದಲ್ಲಿ 120 ಡೆಸಿಬಲ್ ಶಬ್ದ ಮಾಡುತ್ತದೆ, ಅಂದರೆ 20 ಪ್ಯಾಸ್ಕಲ್ ಒತ್ತಡ. ಕೇಳುವ ಭಾಗ ಒಂದು ಪ್ಯಾಸ್ಕಲ್ ಒತ್ತಡಕ್ಕೆ 5.6 ಮಿಲಿವೋಲ್ಟ್ ಕೊಡುತ್ತದೆ. ಶಬ್ದ ಹರಡಿಕೊಳ್ಳುತ್ತಾ ಹೋದಂತೆ ತೆಳುವಾಗುತ್ತದೆ. ಜೊತೆಗೆ 40,000 ಕಂಪನದ ಶಬ್ದವನ್ನು ಗಾಳಿ ತಾನೇ ಮೀಟರಿಗೆ ಸುಮಾರು 1.3 ಡೆಸಿಬಲ್‌ನಂತೆ ನುಂಗುತ್ತದೆ. ಎರಡನ್ನೂ ಕಳೆದರೆ, ನೀರು ಒಂದು ಮೀಟರ್ ಕೆಳಗಿದ್ದಾಗ ಮರಳುವ ಪ್ರತಿಧ್ವನಿ 12.5 ಮಿಲಿವೋಲ್ಟ್. ಮೂರು ಮೀಟರಿಗೆ 2.3 ಮಿಲಿವೋಲ್ಟ್. ಎತ್ತರದ ಸೇತುವೆಗೆ ಸೆನ್ಸರ್ ಕಟ್ಟಿ, ನೀರು 10 ಮೀಟರ್ ಕೆಳಗಿದೆ ಎಂದುಕೊಂಡರೆ 84 ಮೈಕ್ರೋವೋಲ್ಟ್. ದೂರ ಹತ್ತು ಪಟ್ಟು ಹೆಚ್ಚಿದರೆ ಸಂಕೇತ ನೂರೈವತ್ತು ಪಟ್ಟು ಇಳಿಯಿತು. ಇದು ಎಲ್ಲವೂ ಅನುಕೂಲವಾಗಿರುವಾಗಿನ ಲೆಕ್ಕ. ಎಂಟೇ ಅಲೆಯ ಕೂಗು ಪೂರ್ತಿ ದನಿ ಏರುವ ಮೊದಲೇ ನಿಂತುಹೋಗುವುದರಿಂದ ನಿಜದಲ್ಲಿ ಇನ್ನೂ ಕಡಿಮೆ ಸಿಗುತ್ತದೆ. ನೂರು ರೂಪಾಯಿ ಆಸುಪಾಸಿಗೆ ಸಿಗುವ ಸೆನ್ಸರ್‌ಗಳು ನಾಲ್ಕೈದು ಮೀಟರ್ ದಾಟಲು ಒದ್ದಾಡುವುದು ಇದೇ ಕಾರಣಕ್ಕೆ.

ಗಾಳಿ ಹೀಗೆ ಶಬ್ದ ನುಂಗುತ್ತದೆ ಎಂಬುದನ್ನು ನಂಬಲು ನಮ್ಮ ಜಿಲ್ಲೆಯವರಿಗೆ ಕಷ್ಟ. ಏಕೆಂದರೆ ನಾವು ಗೋಲ್ ಗುಂಬಜ್ ನೋಡಿ ಬೆಳೆದವರು. ಮಹಮ್ಮದ್ ಆದಿಲ್ ಷಾನ ಆ ಗೋರಿಯ ಗುಮ್ಮಟದ ಒಳಗೆ, ಸುಮಾರು 38 ಮೀಟರ್ ಅಡ್ಡಳತೆಯ ಗ್ಯಾಲರಿಯಲ್ಲಿ, ಒಂದು ಕಡೆ ಪಿಸುಗುಟ್ಟಿದರೆ ಇನ್ನೊಂದು ಕಡೆ ನಿಂತವರಿಗೆ ಕೇಳುತ್ತದೆ. ಪಿಸುಮಾತಿನ ಕಂಪನ ಸೆಕೆಂಡಿಗೆ ಕೆಲವು ಸಾವಿರ. ಅಷ್ಟು ದೂರದಲ್ಲಿ ಗಾಳಿ ಅದರಿಂದ ಕಸಿಯುವುದು ಬಹಳ ಸ್ವಲ್ಪ. ಅದೇ ಜಾಗದಲ್ಲಿ 40,000 ಕಂಪನದ ಶಬ್ದ ಹೊರಟರೆ, ಹರಡಿ ಹೋಗುವ ನಷ್ಟ ಬಿಟ್ಟು, ಬರೀ ಗಾಳಿಯ ಹೀರುವಿಕೆಯಿಂದಲೇ ಅದರ ಒತ್ತಡ ಸುಮಾರು 300 ಪಟ್ಟು ಕುಗ್ಗುತ್ತದೆ. ಗುಂಬಜ್ ಒಂದು ಚಪ್ಪಾಳೆಯನ್ನು ಮತ್ತೆ ಮತ್ತೆ ಮರಳಿಸುತ್ತದೆ. ನಮ್ಮ ಸೆನ್ಸರ್‌ನ ಕೂಗು ಅಲ್ಲಿ ಒಂದೇ ಸಲ ಗೋಡೆ ಮುಟ್ಟಿ ಬರುವಷ್ಟರಲ್ಲಿ ಸೊರಗಿ ಹೋಗುತ್ತದೆ.

ಆ 84 ಮೈಕ್ರೋವೋಲ್ಟಿನ ಹಿಂದೆ ಗಾಳಿಯಲ್ಲಿ ಏನಾಯಿತು ಎಂದು ಕೇಳಿದಾಗ ಸಿಗುವ ಅಂಕಿಗಳು ಇನ್ನೂ ವಿಚಿತ್ರ. 10 ಮೀಟರ್‌ನಿಂದ ಮರಳಿದ ಶಬ್ದದ ಒತ್ತಡ 0.015 ಪ್ಯಾಸ್ಕಲ್. ನಮ್ಮ ತಲೆಯ ಮೇಲಿನ ವಾಯುಮಂಡಲದ ಒತ್ತಡವನ್ನು ಅರವತ್ತು ಲಕ್ಷ ಪಾಲು ಮಾಡಿದರೂ ಒಂದು ಪಾಲು ಅದಕ್ಕಿಂತ ತುಸು ದೊಡ್ಡದೇ. ಅಷ್ಟು ಒತ್ತಡಕ್ಕೆ ಗಾಳಿ ತನ್ನ ಜಾಗದಿಂದ ಸರಾಸರಿ ಸರಿಯುವ ದೂರ ಸುಮಾರು 0.15 ನ್ಯಾನೋಮೀಟರ್. ಗಾಳಿಯಲ್ಲಿರುವ ಒಂದು ಆಮ್ಲಜನಕ ಅಣುವಿನ ಅಗಲದ ಅರ್ಧದಷ್ಟೂ ಇಲ್ಲ. ಅಣುಗಳು ತಮ್ಮ ಬಿಸಿಯಿಂದಲೇ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಅಡ್ಡಾದಿಡ್ಡಿ ಓಡಾಡುತ್ತಿರುವ ಆ ಗೊಂದಲದ ನಡುವೆ, ಎಲ್ಲವೂ ಒಟ್ಟಾಗಿ ಅರ್ಧ ಅಣುವಿನಷ್ಟು ವಾಲಿದ್ದನ್ನು ಸೆನ್ಸರ್ ಗುರುತಿಸಬೇಕು. 1880ರಲ್ಲಿ ಪ್ಯಾರಿಸ್‌ನಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಸಹೋದರರು ಹರಳನ್ನು ಅದುಮಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಕಂಡುಕೊಂಡದ್ದರಿಂದ ಇದು ಸಾಧ್ಯವಾಯಿತು.

ಶಕ್ತಿಯ ಲೆಕ್ಕ ಹಾಕಿ. ಸೆನ್ಸರ್‌ನ ಮುಖ 16 ಮಿಲಿಮೀಟರ್ ಅಗಲ. ಅದರ ಮೇಲೆ ಬೀಳುವ ಒಂದು ಪ್ರತಿಧ್ವನಿಯ ಒಟ್ಟು ಶಕ್ತಿ, ಒಂದು ಜೂಲ್ ಅನ್ನು 45 ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರುವ ಒಂದೇ ಒಂದು ಯೂನಿಟ್ ಶಕ್ತಿಯನ್ನು ಇಂಥ ಪ್ರತಿಧ್ವನಿಗಳಾಗಿ ಹಂಚಿ, ಸೆಕೆಂಡಿಗೊಂದರಂತೆ ಖರ್ಚು ಮಾಡುತ್ತಾ ಹೋದರೆ ಎಷ್ಟು ಕಾಲ ಬಂದೀತು? ವಿಶ್ವಕ್ಕೆ ಈಗ 1,380 ಕೋಟಿ ವರ್ಷ ವಯಸ್ಸು. ಅಂಥ ಮುನ್ನೂರಕ್ಕೂ ಹೆಚ್ಚು ವಿಶ್ವಾಯುಷ್ಯ ಕಳೆದರೂ ಆ ಯೂನಿಟ್ ಮುಗಿಯುವುದಿಲ್ಲ.

ಆಂಪ್ಲಿಫೈಯರ್‌ನ ಕೆಲಸ ಇಲ್ಲಿ ಶುರುವಾಗುತ್ತದೆ. ಸಮಯ ಎಣಿಸುವ ಚಿಪ್‌ಗೆ ಪ್ರತಿಧ್ವನಿ ಬಂತು ಎಂದು ಖಚಿತವಾಗಿ ಹೇಳಬೇಕಾದರೆ ಅರ್ಧ ಅಥವಾ ಒಂದು ವೋಲ್ಟಾದರೂ ಬೇಕು. 84 ಮೈಕ್ರೋವೋಲ್ಟನ್ನು ಅಲ್ಲಿಗೆ ಮುಟ್ಟಿಸಲು ಸುಮಾರು 10,000 ಪಟ್ಟು ಹಿಗ್ಗಿಸಬೇಕು. ಇಂಥ ಮಾಡ್ಯೂಲ್‌ಗಳಲ್ಲಿ ಮತ್ತು ಕಾಲೇಜು ಪ್ರಾಜೆಕ್ಟುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಗ್ಗದ ಚಿಪ್ ಎಲ್‌ಎಂ 324. ಒಂದರೊಳಗೆ ನಾಲ್ಕು ಆಪ್-ಆಂಪ್, ಅಂದರೆ ನಾಲ್ಕು ಪುಟ್ಟ ಆಂಪ್ಲಿಫೈಯರ್. ಪುಸ್ತಕದ ಸೂತ್ರ ಎರಡು ರೆಸಿಸ್ಟರ್‌ಗಳ ಅನುಪಾತವೇ ಗೇನ್, ಅಂದರೆ ಹಿಗ್ಗಿಸುವ ಪಟ್ಟು, ಎನ್ನುತ್ತದೆ. ಹತ್ತು ಸಾವಿರದ ಅನುಪಾತ ಇಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಈ ಆಪ್-ಆಂಪ್‌ನ ಗೇನ್ ಮತ್ತು ಕಂಪನಾಂಕದ ಗುಣಲಬ್ಧ ಸುಮಾರು 10 ಲಕ್ಷ ಹರ್ಟ್ಸ್. ಅದನ್ನು 40,000ದಿಂದ ಭಾಗಿಸಿದರೆ ಬರುವುದು 25. ಅಷ್ಟೇ ಅದರ ಶಕ್ತಿ. ರೆಸಿಸ್ಟರ್‌ಗಳು ನೂರು ಎಂದು ಹೇಳಲಿ, ಹತ್ತು ಸಾವಿರ ಎಂದು ಹೇಳಲಿ, 40 ಕಿಲೋಹರ್ಟ್ಸ್‌ನಲ್ಲಿ ಒಂದು ಆಪ್-ಆಂಪ್‌ನಿಂದ 25ಕ್ಕಿಂತ ಹೆಚ್ಚು ಹೊರಡದು.

ಆದ್ದರಿಂದ ಮೆಟ್ಟಿಲು ಕಟ್ಟಬೇಕು. ಹತ್ತು ಪಟ್ಟಿನ ನಾಲ್ಕು ಹಂತ. ಹತ್ತು, ನೂರು, ಸಾವಿರ, ಹತ್ತು ಸಾವಿರ. ಇಲ್ಲೂ ಒಂದು ಸೋರಿಕೆ ಇದೆ. ಹತ್ತು ಎಂದು ಕಟ್ಟಿದ ಒಂದೊಂದು ಹಂತ 40 ಕಿಲೋಹರ್ಟ್ಸ್‌ನಲ್ಲಿ ಒಂಬತ್ತರ ಆಸುಪಾಸಿಗೆ ಇಳಿಯುತ್ತದೆ. ಒಂದರಲ್ಲಿ ನೋಡಿದರೆ ಅಲ್ಪ. ನಾಲ್ಕು ಸೇರಿದರೆ 10,000ದ ಜಾಗದಲ್ಲಿ 7,000 ಮಾತ್ರ ಉಳಿದಿರುತ್ತದೆ. ಲೆಕ್ಕ ಇಡದವರಿಗೆ ಮೂರು ಸಾವಿರ ಪಟ್ಟು ಎಲ್ಲಿ ಹೋಯಿತು ಎಂದು ತಿಳಿಯುವುದೇ ಇಲ್ಲ.

ಗೇನ್ ಬೆಳೆದಂತೆ ಬೇಡದ್ದೂ ಬೆಳೆಯುತ್ತದೆ. ಏನೂ ಸಂಕೇತ ಇಲ್ಲದಿದ್ದರೂ ಎಲ್‌ಎಂ 324ರ ಎರಡು ಒಳಹಾದಿಗಳ ನಡುವೆ ಎರಡು ಮೂರು ಮಿಲಿವೋಲ್ಟ್ ವ್ಯತ್ಯಾಸ ಇದ್ದೇ ಇರುತ್ತದೆ. ಅದನ್ನೂ ಹತ್ತು ಸಾವಿರ ಪಟ್ಟು ಮಾಡಿದರೆ 20-30 ವೋಲ್ಟ್! ಸರ್ಕ್ಯೂಟಿಗೆ ಕೊಟ್ಟಿರುವುದೇ 5 ವೋಲ್ಟ್. ಕೊನೆಯ ಹಂತ ಒಂದು ಗೋಡೆಗೆ ಅಂಟಿಕೊಂಡು ನಿಂತುಬಿಡುತ್ತದೆ. ಹಂತ ಹಂತದ ನಡುವೆ ಒಂದೊಂದು ಕೆಪಾಸಿಟರ್ ಇಟ್ಟು ನಿಂತ ವೋಲ್ಟೇಜನ್ನು ತಡೆದು, ಕಂಪಿಸುವುದನ್ನು ಮಾತ್ರ ಮುಂದೆ ಬಿಡುವುದು ಇದಕ್ಕಾಗಿ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಹತ್ತು ಸಾವಿರ ಗೇನ್ ಇರುವ ಸರ್ಕ್ಯೂಟಿನ ಹೊರಬಾಗಿಲಿನಿಂದ ಒಳಬಾಗಿಲಿಗೆ ಹತ್ತು ಸಾವಿರದ ಒಂದು ಪಾಲು ಸರಿಯಾದ ಲಯದಲ್ಲಿ ನುಸುಳಿದರೆ ಸಾಕು, ಅದು ಯಾವ ನೀರೂ ಇಲ್ಲದೆ ತಾನೇ ಹಾಡತೊಡಗುತ್ತದೆ. ಹೆಬ್ಬೆರಳಗಲದ ಬೋರ್ಡಿನ ಮೇಲೆ ಅಕ್ಕಪಕ್ಕ ಹೋದ ಎರಡು ತಾಮ್ರದ ಗೆರೆಗಳು ಇಷ್ಟು ಅನಾಹುತ ಮಾಡಬಲ್ಲವು.

ರೆಸಿಸ್ಟರ್ ಕೂಡ ಸುಮ್ಮನಿರುವುದಿಲ್ಲ. 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್, ಯಾವುದೇ ರೆಸಿಸ್ಟರ್ ತನ್ನ ಬಿಸಿಯಿಂದಲೇ ವಿದ್ಯುತ್ ಗದ್ದಲ ಮಾಡುತ್ತದೆ ಎಂದು ಅಳೆದು, ಸೂತ್ರ ಕಟ್ಟಿ ತೋರಿಸಿದರು. 10 ಕಿಲೋಓಮ್‌ನ ಒಂದು ರೆಸಿಸ್ಟರ್ 10 ಲಕ್ಷ ಹರ್ಟ್ಸ್ ಅಗಲದ ಪಟ್ಟಿಯಲ್ಲಿ 13 ಮೈಕ್ರೋವೋಲ್ಟ್ ಗದ್ದಲ ಮಾಡುತ್ತದೆ. ನಮಗೆ ಬೇಕಾದದ್ದು 84. ಹದಿಮೂರು ಅಲ್ಲಿಗೇ ಹೋಯಿತು. ಫಿಲ್ಟರ್ ಹಾಕಿ ಪಟ್ಟಿಯನ್ನು 40 ಕಿಲೋಹರ್ಟ್ಸ್ ಸುತ್ತಲಿನ 4,000 ಹರ್ಟ್ಸ್‌ಗೆ ಕಿರಿದು ಮಾಡಿದರೆ ಅದೇ ಗದ್ದಲ 0.8 ಮೈಕ್ರೋವೋಲ್ಟಿಗೆ ಇಳಿಯುತ್ತದೆ. ಪಂಪ್‌ಸೆಟ್ಟಿನ ಕಿರುಗುಡುವಿಕೆ, ಗೇಟಿನ ಮೋಟಾರಿನ ಗದ್ದಲ, 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ ಕೂಡ ಆ ಬಾಗಿಲಲ್ಲೇ ಬಹುಪಾಲು ನಿಲ್ಲುತ್ತವೆ. ನನ್ನ ಮಟ್ಟಿಗೆ ಈ ವಿನ್ಯಾಸದ ನಿಜವಾದ ಕಸುಬು ಹಿಗ್ಗಿಸುವುದರಲ್ಲಿಲ್ಲ, ಯಾವುದನ್ನು ಹಿಗ್ಗಿಸಬಾರದು ಎಂದು ಆರಿಸುವುದರಲ್ಲಿದೆ.

ಆ ಆಯ್ಕೆಗೆ ಸಮಯವೂ ಸೇರಿದೆ. ನೀರು 30 ಸೆಂಟಿಮೀಟರ್ ಹತ್ತಿರ ಬಂದರೆ ಪ್ರತಿಧ್ವನಿ 50 ಮಿಲಿವೋಲ್ಟ್, 10 ಮೀಟರಿನದಕ್ಕಿಂತ ಆರು ನೂರು ಪಟ್ಟು. ಅದಕ್ಕೂ 7,000 ಗೇನ್ ಕೊಟ್ಟರೆ ಕಾಗದದ ಮೇಲೆ 350 ವೋಲ್ಟ್. ಹಾಗಾಗಿ ಒಳ್ಳೆಯ ಸರ್ಕ್ಯೂಟ್ ಕೂಗಿದ ಕೂಡಲೇ ಕಿವಿ ಮಂದ ಮಾಡಿಕೊಂಡು, ಮಿಲಿಸೆಕೆಂಡುಗಳು ಕಳೆದಂತೆ ಗೇನ್ ಏರಿಸುತ್ತಾ ಹೋಗುತ್ತದೆ. ತಡವಾಗಿ ಬಂದದ್ದು ದೂರದಿಂದ ಬಂದದ್ದು, ದೂರದಿಂದ ಬಂದದ್ದು ಬಡಕಲು. 1978ರಲ್ಲಿ ಪೋಲರಾಯ್ಡ್ ಕಂಪನಿ ತನ್ನ ಸೋನಾರ್ ಕ್ಯಾಮೆರಾದಲ್ಲಿ ಶಬ್ದದಿಂದ ದೂರ ಅಳೆದು ಫೋಕಸ್ ಮಾಡಿಸಿದಾಗ ಆ ತಂತ್ರಕ್ಕಾಗಿ ಬಂದ ಚಿಪ್‌ಗಳು ಹೀಗೆಯೇ ಹಂತ ಹಂತವಾಗಿ ಗೇನ್ ಏರಿಸುತ್ತಿದ್ದವು. ಕೂಗುವ ಮತ್ತು ಕೇಳುವ ಹರಳು ಒಂದೇ ಆದಾಗ ಇನ್ನೂ ಕಠಿಣ: ಕೂಗಲು ನೂರು ವೋಲ್ಟ್, ಕೇಳುವಾಗ 84 ಮೈಕ್ರೋವೋಲ್ಟ್, ನಡುವೆ ಸುಮಾರು ಹನ್ನೆರಡು ಲಕ್ಷ ಪಟ್ಟು ಅಂತರ. ಕೂಗಿದ ಮೇಲೂ ಹರಳು ಒಂದೂವರೆ ಮಿಲಿಸೆಕೆಂಡ್ ಗುನುಗುತ್ತಿದ್ದರೆ ಮೊದಲ 26 ಸೆಂಟಿಮೀಟರ್ ಸೆನ್ಸರ್‌ಗೆ ಕುರುಡು ವಲಯ.

ಇಷ್ಟೆಲ್ಲ ಸೂಕ್ಷ್ಮ ಯಾಕೆ ಬೇಕು ಎಂಬುದಕ್ಕೆ ಉತ್ತರ ಹೊಲದಲ್ಲಿದೆ. ಪ್ರತಿಧ್ವನಿ ಒಮ್ಮೆಲೇ ಬಂದು ನಿಲ್ಲುವುದಿಲ್ಲ. ಹರಳು ನಿಧಾನಕ್ಕೆ ಲಯ ಹಿಡಿಯುವುದರಿಂದ ಮೊದಲ ಅಲೆ ಸಣ್ಣದು, ಮುಂದಿನದು ದೊಡ್ಡದು, ಅದರ ಮುಂದಿನದು ಇನ್ನೂ ದೊಡ್ಡದು. ನಿಗದಿತ ವೋಲ್ಟಿನ ಗಡಿಯನ್ನು ಮೊದಲು ದಾಟಿದ ಅಲೆಯನ್ನು ಸರ್ಕ್ಯೂಟ್ ಎಣಿಸುತ್ತದೆ. ನೀರು ತೊನೆದಾಡಿ, ಸೆನ್ಸರ್ ಮುಖಕ್ಕೆ ಧೂಳು ಕೂತು ಅಥವಾ ಜೇಡ ಬಲೆ ನೇಯ್ದು ಪ್ರತಿಧ್ವನಿ ಸೊರಗಿದರೆ, ಗಡಿ ದಾಟುವುದು ಒಂದು ಅಲೆ ತಡವಾಗುತ್ತದೆ. ಒಂದು ಅಲೆ ಅಂದರೆ 25 ಮೈಕ್ರೋಸೆಕೆಂಡ್, ದೂರದಲ್ಲಿ 4.3 ಮಿಲಿಮೀಟರ್. ಮೂರು ಅಲೆ ತಡವಾದರೆ 13 ಮಿಲಿಮೀಟರ್. ಗೇಟಿನ ಮೇಲೆ 30 ಸೆಂಟಿಮೀಟರ್ ನೀರು ಹಾಯುತ್ತಿದೆ ಎಂದುಕೊಳ್ಳಿ. ಅದು 28.7 ಎಂದು ಕಾಣುತ್ತದೆ. ಹಾಯುವ ನೀರಿನ ಪ್ರಮಾಣ ಆಳದ ಒಂದೂವರೆ ಘಾತದಂತೆ ಬದಲಾಗುವುದರಿಂದ 13 ಮಿಲಿಮೀಟರಿನ ತಪ್ಪು ಹರಿವಿನಲ್ಲಿ ಆರು ಶೇಕಡಾ ದಾಟುತ್ತದೆ. ಕಡಿಮೆ ಹೋಗುತ್ತಿದೆ ಎಂದು ತಿಳಿದ ಗೇಟು ಇನ್ನಷ್ಟು ತೆರೆಯುತ್ತದೆ. ಪರದೆಯ ಮೇಲೆ 100 ಕ್ಯುಸೆಕ್ಸ್ ಎಂದು ಕಾಣುವಾಗ ನಿಜಕ್ಕೂ 107 ಹೋಗುತ್ತಿರುತ್ತದೆ.

ಏಳು ಕ್ಯುಸೆಕ್ಸ್ ದಿನಕ್ಕೆ 1 ಕೋಟಿ 71 ಲಕ್ಷ ಲೀಟರ್. ಎರಡು ಇಂಚು ನೀರು ನಿಲ್ಲಿಸುವ ಒಂದು ಹಾಯಿಕೆಗೆ ಅದು ಸುಮಾರು 83 ಎಕರೆಗೆ ಸಾಕು. ಮೇಲ್ಭಾಗದ ಹತ್ತು ಉಪಕಾಲುವೆಗಳಲ್ಲಿ ಇದೇ ತಪ್ಪಾದರೆ ದಿನಕ್ಕೆ 17 ಕೋಟಿ ಲೀಟರ್, ಸುಮಾರು 830 ಎಕರೆ. ಯಾರೂ ತೂಬು ಒಡೆಯಲಿಲ್ಲ, ಯಾರೂ ಕದಿಯಲಿಲ್ಲ. ಆದರೂ ಕಾಲುವೆಯ ಕೊನೆಯಲ್ಲಿರುವವರ ನೀರು ಹೋಯಿತು.

ನಮ್ಮ ಬಿಸಿಲೂ ಇದರಲ್ಲಿ ಕೈ ಹಾಕುತ್ತದೆ. ಗಾಳಿ ಒಂದು ಡಿಗ್ರಿ ಕಾದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್ ಹೆಚ್ಚುತ್ತದೆ. ಮೂರು ಮೀಟರ್ ಅಳೆಯುವಾಗ ಅಷ್ಟಕ್ಕೇ 5 ಮಿಲಿಮೀಟರ್ ತಪ್ಪು. 25 ಡಿಗ್ರಿಗೆ ಹೊಂದಿಸಿಟ್ಟ ಸೆನ್ಸರ್, ಅದೇ ಮೂರು ಮೀಟರನ್ನು ಚಳಿಗಾಲದ 12 ಡಿಗ್ರಿಯ ಮುಂಜಾವಿನಲ್ಲಿ 3.07 ಎಂದೂ, 42 ಡಿಗ್ರಿಯ ಮೇ ಮಧ್ಯಾಹ್ನದಲ್ಲಿ 2.92 ಎಂದೂ ಓದುತ್ತದೆ. ಹದಿನೈದು ಸೆಂಟಿಮೀಟರ್ ಅಂತರ. ತಾಪಮಾನ ಅಳೆದು ತಿದ್ದುವುದು ಒಂದು ದಾರಿ. ಅದಕ್ಕಿಂತ ಗಟ್ಟಿಯಾದದ್ದು, ಶಬ್ದದ ದಾರಿಯಲ್ಲೇ ಗೊತ್ತಾದ ದೂರಕ್ಕೆ ಒಂದು ಕಂಬಿ ಇಟ್ಟು, ಅದರ ಪ್ರತಿಧ್ವನಿಯ ಜೊತೆ ನೀರಿನದನ್ನು ಹೋಲಿಸುವುದು. ಆಗ ಆಂಪ್ಲಿಫೈಯರ್ ಹತ್ತಿರದ ಕಂಬಿಯನ್ನೂ ದೂರದ ನೀರನ್ನೂ ಒಂದೇ ನ್ಯಾಯದಲ್ಲಿ ಕೇಳಿಸಿಕೊಳ್ಳಬೇಕು.

ಎತ್ತರಗಳ ಬೆಲೆ ಈ ನಾಡಿಗೆ ಗೊತ್ತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. 2010ರ ಡಿಸೆಂಬರಿನಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಒಪ್ಪಿದ ಮಟ್ಟ 524.256. ನಡುವಿನ 4.656 ಮೀಟರಿಗಾಗಿ ಊರುಗಳು ಸ್ಥಳಾಂತರದ ಮಾತಿನಲ್ಲಿವೆ, ರಾಜ್ಯಗಳು ನ್ಯಾಯಾಲಯದಲ್ಲಿವೆ, 130 ಟಿಎಂಸಿ ನೀರಿನ ಕನಸು ಕಾದು ಕೂತಿದೆ. ಆ ಎತ್ತರವನ್ನು ಶಬ್ದ ಇಳಿದು ಹತ್ತಿ ಬರಲು 27 ಮಿಲಿಸೆಕೆಂಡ್ ಸಾಕು.

ಇಂಥ ಸರ್ಕ್ಯೂಟನ್ನು ಪರೀಕ್ಷಿಸಲು ಕಾಲುವೆಗೇ ಹೋಗಬೇಕಾಗಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ಕೂತ ಡಿಪ್ಲೊಮಾ ವಿದ್ಯಾರ್ಥಿ ಮೇಜಿನ ಮೇಲೇ ಮಾಡಬಹುದು. ಸಿಗ್ನಲ್ ಜನರೇಟರ್‌ನಿಂದ 40 ಕಿಲೋಹರ್ಟ್ಸ್‌ನ ಒಂದು ವೋಲ್ಟ್ ತೆಗೆದುಕೊಳ್ಳಿ. 10 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್‌ಗಳ ಒಂದು ಜೋಡಿಯಿಂದ ಅದನ್ನು ನೂರೊಂದು ಪಾಲು ಮಾಡಿ. ಇನ್ನೊಂದು ಜೋಡಿಯಿಂದ ಮತ್ತೆ ನೂರೊಂದು ಪಾಲು. ಉಳಿಯುವುದು ಸುಮಾರು 97 ಮೈಕ್ರೋವೋಲ್ಟ್, ಹತ್ತು ಮೀಟರ್ ಕೆಳಗಿನ ನೀರಿನಿಂದ ಬರುವ ಪ್ರತಿಧ್ವನಿಯ ಆಸುಪಾಸಿನದೇ. ಆ ನಾಲ್ಕು ರೆಸಿಸ್ಟರ್‌ಗಳಿಗೆ ತಗಲುವುದು ಚಹಾದ ದುಡ್ಡು. ಅದನ್ನು ಆಂಪ್ಲಿಫೈಯರ್‌ಗೆ ಕೊಟ್ಟು, ಕೊನೆಯ ಹಂತದಲ್ಲಿ ಆಸಿಲೋಸ್ಕೋಪ್ ಇಟ್ಟು ಅರ್ಧ ವೋಲ್ಟಿಗಿಂತ ಹೆಚ್ಚು ಬರುತ್ತದೆಯೇ ನೋಡಿ. ಆಮೇಲೆ ಜನರೇಟರ್‌ನ ದನಿ ಮಾತ್ರ ಸೊನ್ನೆಗೆ ಇಳಿಸಿ, ತಂತಿಗಳು ಇದ್ದಲ್ಲೇ ಇರಲಿ. ಆಗ ಪರದೆಯ ಮೇಲೆ ಉಳಿಯುವ ಗದ್ದಲ ಮೊದಲಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಆ ಬೋರ್ಡನ್ನು ಇಂಡಿ ಕಾಲುವೆಯ ಮೇಲೆ ಕಟ್ಟಿ ನೋಡಲು ಧೈರ್ಯ ಮಾಡಬಹುದು.